ಅಲುಗಾಡಿದ ಗ್ರಿಡ್, ಅಲುಗಾಡದ ಚಿಪ್ಪು

ಕಂಟ್ರೋಲ್ ಸಿಸ್ಟಮ್ಸ್ ಪೇಪರ್‌ನಲ್ಲಿ ‘ಸ್ಥಿರತೆ’ ಅನ್ನೋ ವಿಷಯದ ಮೇಲೆ ನಾವು ಎಷ್ಟು ಪುಟ ತುಂಬಿಸಿದ್ದೇವೋ ಲೆಕ್ಕವಿಲ್ಲ. ಪೋಲ್‌ಗಳು ಎಡಗಡೆ ಇದ್ದರೆ ಪಾಸ್, ಬಲಗಡೆ ಹೋದರೆ ಗೋವಿಂದ. ಇಷ್ಟು ನೆನಪಿಟ್ಟುಕೊಂಡೇ ಪರೀಕ್ಷೆ ದಾಟಿದವರು ನಾವು. ಆದರೆ ಆ ಪದದ ಅರ್ಥವನ್ನು ನಮಗೆ ನಿಜವಾಗಿ ತಿಳಿಸಿದ್ದು ಯಾವ ಪ್ರೊಫೆಸರೂ ಅಲ್ಲ, ಅಂಗೈ ಅಗಲದ ಒಂದು ಕಪ್ಪೆಚಿಪ್ಪು. ನಗಬೇಡಿ, ಪೂರ್ತಿ ಓದಿ.

ನಾವು ಅಂದ್ರೆ ಮೂವರು. ಒಬ್ಬ ಕುಮಟಾದವನು, ಒಬ್ಬ ಹಾಸನದವನು, ಇನ್ನೊಬ್ಬ ಗದಗದವನು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸಿವಿಲ್. ಇದೇ ಕ್ಯಾಂಪಸ್ಸಿನ ಹಳೇ ಹಾಸ್ಟೆಲ್‌ನಲ್ಲಿ ಒಂದೇ ಬಕೆಟ್ ಹಂಚಿಕೊಂಡವರು. ಎಂಎಸ್ ಮಾಡಲು ಅಮೆರಿಕದ ಟೆಕ್ಸಾಸಿಗೆ ಹೋದಾಗಲೂ ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನಲ್ಲಿ ಒಂದು ಹಳೇ ಮನೆಯನ್ನು ಒಟ್ಟಿಗೆ ಬಾಡಿಗೆಗೆ ಹಿಡಿದೆವು. ಆ ಮನೆಯಲ್ಲಿ ನಮಗಿಂತ ಮುಂಚೆ ಇದ್ದ ಸೀನಿಯರ್ ಬೇರೆ ಊರಿಗೆ ಕೆಲಸಕ್ಕೆ ಹೋಗುವಾಗ ಸೋಫಾ, ಕುಕ್ಕರ್ ಜೊತೆಗೆ ಒಂದು ಸಮುದ್ರವನ್ನೂ ಬಿಟ್ಟುಹೋದ. 75 ಗ್ಯಾಲನ್, ಅಂದರೆ ಸುಮಾರು 284 ಲೀಟರ್ ಉಪ್ಪುನೀರಿನ ರೀಫ್ ಅಕ್ವೇರಿಯಂ. ಒಳಗೆ ಬಂಡೆಗಳು, ನಾಲ್ಕೈದು ಬಗೆಯ ಹವಳ, ಎರಡು ಕ್ಲೌನ್ ಮೀನು.

ಒಂದು ವರ್ಷ ಆ ನೀರನ್ನು ಹದವಾಗಿ ಇಟ್ಟುಕೊಂಡ ಮೇಲೆಯೇ ನಾವು ಕ್ಲ್ಯಾಮ್ ತಂದದ್ದು. ಅದು ‘ಟ್ರೈಡಾಕ್ನಾ ಮ್ಯಾಕ್ಸಿಮಾ’, ದೈತ್ಯ ಕ್ಲ್ಯಾಮ್‌ಗಳ ಕುಟುಂಬದ ಚಿಕ್ಕ ಸದಸ್ಯ. ಇದರ ದೊಡ್ಡಣ್ಣ ‘ಟ್ರೈಡಾಕ್ನಾ ಗಿಗಾಸ್’ ಒಂದು ಮೀಟರಿಗೂ ಉದ್ದ ಬೆಳೆದು ಇನ್ನೂರು ಕಿಲೋ ದಾಟುತ್ತದೆ. ನಮ್ಮದು ಹತ್ತೇ ಸೆಂಟಿಮೀಟರ್. ಸಮುದ್ರದಿಂದ ಕಿತ್ತು ತಂದದ್ದಲ್ಲ, ಸಾಕಣೆ ಕೇಂದ್ರದಲ್ಲಿ ಹುಟ್ಟಿ ಬೆಳೆದದ್ದು. ಪೆಸಿಫಿಕ್‌ನ ಪಲಾವ್ ದ್ವೀಪದಲ್ಲಿ 1970ರ ದಶಕದಿಂದಲೇ ಇಂಥ ಸಾಕಣೆ ನಡೆದಿದೆ. ಚಿಪ್ಪು ತೆರೆದಾಗ ಹೊರಗೆ ಚಾಚುವ ಮ್ಯಾಂಟಲ್ ಅನ್ನೋ ಮಾಂಸದ ಅಂಚು ನವಿಲಿನ ಕುತ್ತಿಗೆಯಂಥ ನೀಲಿ. ಹೆಸರು ನೀಲಪ್ಪನೋ ನೀಲಮ್ಮನೋ ಅಂತ ಎರಡು ದಿನ ಜಗಳವಾಯ್ತು. ಈ ಜಾತಿ ಮೊದಲು ಗಂಡಾಗಿದ್ದು, ದೊಡ್ಡದಾದ ಮೇಲೆ ಗಂಡೂ ಹೆಣ್ಣೂ ಎರಡೂ ಆಗುತ್ತದೆ ಅಂತ ಓದಿದ ಮೇಲೆ ಬರೀ ‘ನೀಲಿ’ ಅಂತ ರಾಜಿಯಾದೆವು.

ಕುಮಟಾದವನ ಅಮ್ಮನಿಗೆ ವೀಡಿಯೊ ಕಾಲ್‌ನಲ್ಲಿ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಒಂದೇ ಒಂದು ಬಳಚು ತಂದ್ರೆ ಮೂರು ಜನಕ್ಕೆ ಸಾಕಾಗ್ತದಾ?” ಅಘನಾಶಿನಿಯ ಕೆಸರಿನಲ್ಲಿ ಬುಟ್ಟಿಗಟ್ಟಲೆ ಬಳಚು ಹೆಕ್ಕುವುದನ್ನು ನೋಡಿದವರಿಗೆ, ಮಂಗಳೂರು ಕಡೆ ಮರುವಾಯಿ ಸುಕ್ಕ ತಿಂದವರಿಗೆ, ಒಂದು ಚಿಪ್ಪಿಗೆ ಇಷ್ಟು ಉಪಚಾರ ವಿಚಿತ್ರವೇ. ಆದರೆ ಆ ಬಳಚು ಕೆಸರಿನಲ್ಲಿ ಹೂತುಕೊಂಡು ನೀರು ಸೋಸಿ ಬದುಕುತ್ತದೆ. ನಮ್ಮ ನೀಲಿಗೆ ಬೇಕಾದದ್ದು ಬೆಳಕು. ಅದರ ಮ್ಯಾಂಟಲ್ ಒಳಗೆ ಸೂಕ್ಷ್ಮ ಪಾಚಿಗಳು ವಾಸವಾಗಿವೆ. ಅವು ದ್ಯುತಿಸಂಶ್ಲೇಷಣೆ ಮಾಡಿ ತಯಾರಿಸಿದ ಸಕ್ಕರೆಯಲ್ಲೇ ಕ್ಲ್ಯಾಮ್‌ನ ಹೊಟ್ಟೆ ಬಹುಮಟ್ಟಿಗೆ ತುಂಬುತ್ತದೆ. ಆ ನೀಲಿ ಬಣ್ಣವೂ ಬರೀ ಶೋಕಿಯಲ್ಲ. ಐರಿಡೋಸೈಟ್ ಅನ್ನೋ ಜೀವಕೋಶಗಳು ಬೇಡದ ಬೆಳಕನ್ನು ಹಿಂದಕ್ಕೆ ತಳ್ಳಿ, ಬೇಕಾದದ್ದನ್ನು ಒಳಗೆ ಕಂಬಗಳ ಹಾಗೆ ಸಾಲಾಗಿ ನಿಂತ ಪಾಚಿಗಳಿಗೆ ಸಮನಾಗಿ ಹಂಚುತ್ತವೆ. ಸೋಲಾರ್ ಪ್ಯಾನೆಲ್ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿರುವವರು ಇದನ್ನೊಮ್ಮೆ ಓದಲೇಬೇಕು.

ಈಗ ಮುಖ್ಯ ವಿಷಯ. ಕ್ಲ್ಯಾಮ್ ಎದ್ದು ಓಡಿಹೋಗುವ ಪ್ರಾಣಿಯಲ್ಲ. ಮೀನಾದರೆ ಬಿಸಿ ಜಾಸ್ತಿಯಾದ ಮೂಲೆ ಬಿಟ್ಟು ಇನ್ನೊಂದು ಮೂಲೆಗೆ ಹೋಗಬಹುದು. ಕ್ಲ್ಯಾಮ್ ಕೂತಲ್ಲೇ ಎಲ್ಲವನ್ನೂ ಅನುಭವಿಸಬೇಕು. ಹಾಗಾಗಿ ಅದು ಗಟ್ಟಿಯಾಗಿ ಕೂರುವುದು ಮೊದಲ ಕೆಲಸ. ಅದರ ಕಾಲಿನ ಬಳಿಯ ಒಂದು ಗ್ರಂಥಿಯಿಂದ ಬಿಸಸ್ ಅನ್ನೋ ದಾರಗಳು ಹೊರಟು ಬಂಡೆಗೆ ಅಂಟಿಕೊಳ್ಳುತ್ತವೆ. ಜಾಗ ಇಷ್ಟವಾಗದಿದ್ದರೆ ಕ್ಲ್ಯಾಮ್ ತಾನೇ ಆ ದಾರಗಳನ್ನು ಕಳಚಿಕೊಂಡು ಸ್ವಲ್ಪ ಸರಿದು ಹೊಸ ದಾರ ಹಾಕುತ್ತದೆ. ಆದರೆ ನಾವು ಕೈಹಾಕಿ ಎಳೆದರೆ ದಾರ ಹರಿಯುವುದಿಲ್ಲ, ಒಳಗಿನ ಗ್ರಂಥಿಯೇ ಹರಿಯುತ್ತದೆ. ಹಾಗೆ ಗಾಯವಾದ ಕ್ಲ್ಯಾಮ್ ಬದುಕುವುದು ಕಷ್ಟ. ತೆಗೆಯಲೇಬೇಕಾಗಿ ಬಂದರೆ ತೆಳು ಬ್ಲೇಡಿನಿಂದ ಬಂಡೆಗೆ ತಾಗಿಸಿ ದಾರವನ್ನು ಕತ್ತರಿಸಬೇಕು.

ಅದಕ್ಕೇ ನೀಲಿಯನ್ನು ನೇರವಾಗಿ ದೊಡ್ಡ ಬಂಡೆಯ ಮೇಲೆ ಕೂರಿಸಲಿಲ್ಲ. ಅಂಗೈಯಷ್ಟು ಚಪ್ಪಟೆ ಕಲ್ಲನ್ನು ಮರಳಿನ ಮೇಲಿಟ್ಟು, ಅದರ ಮೇಲೆ ಕೂರಿಸಿ, ವಾಲದಂತೆ ಎರಡೂ ಕಡೆ ಕಲ್ಲಿನ ಚೂರು ಇಟ್ಟೆವು. ಸಿವಿಲ್‌ನವನು ಇದಕ್ಕೆ ‘ಫೂಟಿಂಗ್’ ಅಂತ ಹೆಸರಿಟ್ಟ. ಮಗುಚಿ ಬಿದ್ದರೆ ಮ್ಯಾಂಟಲ್ ಕೆಳಗಾಗಿ, ಬೆಳಕಿಲ್ಲದೆ ಉಪವಾಸ ಬಿದ್ದು ಸಾಯುತ್ತದೆ. ಎರಡೇ ದಿನದಲ್ಲಿ ದಾರ ಕಲ್ಲಿಗೆ ಹತ್ತಿತು. ಅಲ್ಲಿಂದ ಮುಂದೆ ನಾವು ಮುಟ್ಟಿದ್ದು ಕಲ್ಲನ್ನು ಮಾತ್ರ. ಮೂರು ವಾರದಲ್ಲಿ ಆ ಕಲ್ಲನ್ನೇ ಮೆಟ್ಟಿಲು ಹತ್ತಿಸಿದ ಹಾಗೆ ಸ್ವಲ್ಪ ಸ್ವಲ್ಪ ಮೇಲಕ್ಕೆ, ಲೈಟಿನ ಹತ್ತಿರಕ್ಕೆ ತಂದೆವು. ಪಂಪಿನ ನೀರು ನೇರವಾಗಿ ಮುಖಕ್ಕೆ ಹೊಡೆಯದ ಹಾಗೆ ನೋಡಿಕೊಂಡೆವು. ಮ್ಯಾಂಟಲ್ ಒಂದೇ ಕಡೆ ಮಡಚಿಕೊಂಡರೆ ಹರಿವು ಜಾಸ್ತಿ ಅಂತ ಅರ್ಥ.

ಆಮೇಲೆ ಕಾವಲು. ಪಿರಮಿಡೆಲಿಡ್ ಅನ್ನೋ ಅಕ್ಕಿಕಾಳಿನಷ್ಟು ಚಿಕ್ಕ ಬಿಳಿ ಬಸವನಹುಳು ಇದೆ. ಹಗಲಲ್ಲಿ ಅಡಗಿದ್ದು ರಾತ್ರಿ ಬಂದು ಚಿಪ್ಪಿನ ಅಂಚಿನಲ್ಲಿ ಕೂತು ಕ್ಲ್ಯಾಮ್‌ನ ರಸ ಹೀರುತ್ತದೆ. ಲೈಟು ಆರಿ ಎರಡು ಗಂಟೆ ಆದ ಮೇಲೆ ಟಾರ್ಚ್ ಹಿಡಿದು ಹುಡುಕುವುದು ನಮ್ಮ ಪಾಳಿ. ಹಾಸ್ಟೆಲ್‌ನಲ್ಲಿ ತಿಗಣೆ ಹುಡುಕಿದ ಅನುಭವ ಇಲ್ಲಿ ಕೆಲಸಕ್ಕೆ ಬಂತು. ಕ್ಲ್ಯಾಮ್ ಕೂಡ ತನ್ನ ಕಾವಲು ತಾನು ಕಾಯುತ್ತದೆ. ಅದರ ಮ್ಯಾಂಟಲ್ ಅಂಚಿನಲ್ಲಿ ನೂರಾರು ಪುಟ್ಟ ಪಿನ್‌ಹೋಲ್ ಕಣ್ಣುಗಳಿವೆ. ನಮ್ಮ ಕೈ ನೆರಳು ಬಿದ್ದರೆ ಸಾಕು, ಸರಕ್ಕನೆ ಒಳಗೆ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಂಡರೆ ಆರೋಗ್ಯವಾಗಿದೆ ಅಂತ. ನೆರಳಿಗೂ ಸುಮ್ಮನಿದ್ದರೆ ನಾವು ಗಾಬರಿಯಾಗಬೇಕು.

ಉಳಿದದ್ದೆಲ್ಲ ನೀರಿನ ಲೆಕ್ಕ. ಕ್ಲ್ಯಾಮ್ ಚಿಪ್ಪು ಕಟ್ಟುವುದು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ. ನೀರಿನಲ್ಲಿ ಕ್ಯಾಲ್ಸಿಯಂ 420 ಪಿಪಿಎಂ ಆಸುಪಾಸು, ಆಲ್ಕಲಿನಿಟಿ 8 ಡಿಕೆಎಚ್, ಮೆಗ್ನೀಸಿಯಂ 1300 ಪಿಪಿಎಂ. ಇದು ನಾವು ಹಿಡಿದಿದ್ದ ಗುರಿ. ಪ್ರತಿ 20 ಪಿಪಿಎಂ ಕ್ಯಾಲ್ಸಿಯಂ ಖರ್ಚಾದಾಗ ಆಲ್ಕಲಿನಿಟಿ 2.8 ಡಿಕೆಎಚ್ ಇಳಿಯುತ್ತದೆ. ಎರಡನ್ನೂ ಅದೇ ಅನುಪಾತದಲ್ಲಿ ವಾಪಸ್ ತುಂಬಬೇಕು. ಆಲ್ಕಲಿನಿಟಿ 8 ಇದ್ದರೂ ನಡೆಯುತ್ತೆ, 9 ಇದ್ದರೂ ನಡೆಯುತ್ತೆ. ಇವತ್ತು 8, ನಾಳೆ 10, ನಾಡಿದ್ದು 7 ಅಂದರೆ ಮಾತ್ರ ನಡೆಯಲ್ಲ. ಹಾಗಾಗಿ ಡೋಸಿಂಗ್ ಪಂಪು ದಿನಕ್ಕೊಮ್ಮೆ ಗಬಕ್ಕನೆ ಸುರಿಯುವ ಬದಲು ಗಂಟೆಗೊಮ್ಮೆ ಚೂರು ಚೂರು ಹಾಕುತ್ತಿತ್ತು.

ಉಪ್ಪಿನ ಕಥೆಯೂ ಅಷ್ಟೇ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ನಮ್ಮ ಟ್ಯಾಂಕಿನಿಂದ ದಿನಕ್ಕೆ ನಾಲ್ಕು ಲೀಟರ್ ಹೋಗುತ್ತಿತ್ತು. ಮೂರು ದಿನ ಸುಮ್ಮನಿದ್ದರೆ 35 ಇದ್ದ ಲವಣಾಂಶ ಮೂವತ್ತಾರೂವರೆ ದಾಟುತ್ತದೆ. ಫ್ಲೋಟ್ ಸ್ವಿಚ್ ಇಟ್ಟು, ಮಟ್ಟ ಇಳಿದ ಕೂಡಲೇ ಸಿಹಿನೀರು ತುಂಬುವ ವ್ಯವಸ್ಥೆ ಮಾಡಿದ್ದೆವು. ಒಂದು ಸ್ವಿಚ್ ಅಂಟಿಕೊಂಡರೆ ಪಂಪ್ ನಿಲ್ಲಿಸಲು ಮೇಲೆ ಇನ್ನೊಂದು ಸ್ವಿಚ್. ಎಲೆಕ್ಟ್ರಿಕಲ್‌ನವನಿಗೆ ಇದು ಫೈನಲ್ ಇಯರ್ ಪ್ರಾಜೆಕ್ಟಿಗಿಂತ ಹೆಮ್ಮೆಯ ವಿಷಯ.

ಇಷ್ಟೆಲ್ಲ ಓದಿ, “ಹಾಗಾದ್ರೆ ಸ್ಥಿರತೆ ಅಂದ್ರೆ ಸೆನ್ಸರ್, ಪಂಪು, ಆರ್ಡುಯಿನೋ” ಅಂತ ನಿಮಗನ್ನಿಸಬಹುದು. ನಮಗೂ ಹಾಗೇ ಅನ್ನಿಸಿತ್ತು, 2021ರ ಫೆಬ್ರುವರಿ 15ರವರೆಗೆ.

ಆ ವಾರ ಟೆಕ್ಸಾಸಿಗೆ ಉತ್ತರ ಧ್ರುವದ ಚಳಿ ಇಳಿದು ಬಂತು. ಹದಿನಾರರ ಬೆಳಿಗ್ಗೆ ಡಲ್ಲಾಸ್ ಪ್ರದೇಶದಲ್ಲಿ ಮೈನಸ್ 19 ಡಿಗ್ರಿ ಸೆಲ್ಸಿಯಸ್. ಬೇಸಿಗೆಗೆ ಹೆಸರಾದ ಊರು ಅದು. ಎಲ್ಲರೂ ಒಟ್ಟಿಗೆ ಹೀಟರ್ ಹಾಕಿದರು. ಅದೇ ಹೊತ್ತಿಗೆ ಚಳಿಗೆ ಗ್ಯಾಸ್ ಬಾವಿಗಳು, ವಿದ್ಯುತ್ ಘಟಕಗಳು ಒಂದೊಂದಾಗಿ ನಿಂತವು. 60 ಹರ್ಟ್ಜ್ ಇರಬೇಕಾದ ಗ್ರಿಡ್ ಫ್ರೀಕ್ವೆನ್ಸಿ ಹದಿನೈದರ ನಸುಕಿನಲ್ಲಿ 59.3ರ ಹತ್ತಿರಕ್ಕೆ ಇಳಿಯಿತು. 59.4ಕ್ಕಿಂತ ಕೆಳಗೆ ಒಂಬತ್ತು ನಿಮಿಷ ಇದ್ದಿದ್ದರೆ ಉಳಿದ ಜನರೇಟರ್‌ಗಳೂ ತಮ್ಮ ರಕ್ಷಣೆಗೆ ತಾವೇ ಕಳಚಿಕೊಂಡು ಇಡೀ ಗ್ರಿಡ್ ಕತ್ತಲಾಗುತ್ತಿತ್ತು. ಅದು ಅಲ್ಲಿ ಇದ್ದದ್ದು ನಾಲ್ಕು ನಿಮಿಷ 23 ಸೆಕೆಂಡು. ಕಂಟ್ರೋಲ್ ರೂಮಿನವರು ಲೋಡ್ ಕತ್ತರಿಸುತ್ತಾ ಹೋದರು. ಪರಾಕಾಷ್ಠೆಯಲ್ಲಿ 20,000 ಮೆಗಾವ್ಯಾಟ್. ಸುಮಾರು 45 ಲಕ್ಷ ಮನೆ-ಅಂಗಡಿಗಳಿಗೆ ಕರೆಂಟ್ ಹೋಯಿತು. ಅದರಲ್ಲಿ ನಮ್ಮದೂ ಒಂದು. ಈ ಅಂಕಿಗಳೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಆ ರಾತ್ರಿ ಎರಡು ಗಂಟೆಗೆ ಗೊತ್ತಾದದ್ದು ಪಂಪಿನ ಗುಂಯ್ ಅನ್ನೋ ಸದ್ದು ನಿಂತಿದ್ದು. ಮೂವರೂ ಎಚ್ಚರವಾದೆವು, ಊರಲ್ಲಿ ಫ್ಯಾನ್ ನಿಂತರೆ ಎಚ್ಚರವಾಗುವ ಹಾಗೆ.

ಲೋಡ್ ಶೆಡ್ಡಿಂಗ್ ನೋಡಿ ಬೆಳೆದವರಿಗೆ ಒಂದು ಅನುಕೂಲ ಇದೆ. ಕರೆಂಟ್ ಯಾವತ್ತೂ ಇರುತ್ತೆ ಅಂತ ನಾವು ನಂಬುವುದೇ ಇಲ್ಲ. ಟ್ಯಾಂಕ್ ಕೆಳಗಿನ ಕಪಾಟಿನಲ್ಲಿ ಬ್ಯಾಟರಿ ಏರ್ ಪಂಪು ಎರಡು, ಸೆಲ್ಲುಗಳ ಒಂದು ಪ್ಯಾಕ್, ಒಂದು ದೊಡ್ಡ ಪವರ್ ಬ್ಯಾಂಕ್ ಮೊದಲಿಂದಲೂ ಇದ್ದವು. ಬಾಗಿಲಿನ ಒಳಗಡೆ ಒಂದು ಚೀಟಿ ಅಂಟಿಸಿದ್ದೆವು: ಕರೆಂಟ್ ಹೋದರೆ ಮೊದಲು ಗಾಳಿ, ಆಮೇಲೆ ಶಾಖ, ಬೆಳಕು ಕೊನೆಗೆ. ಯಾಕೆಂದರೆ ಪಂಪು ನಿಂತ ಟ್ಯಾಂಕಿನಲ್ಲಿ ಆಮ್ಲಜನಕ ಕೆಲವೇ ಗಂಟೆಯಲ್ಲಿ ಕಡಿಮೆಯಾಗುತ್ತದೆ. ಶಾಖ ಅದಕ್ಕಿಂತ ನಿಧಾನ. ಬೆಳಕು ಎರಡು ದಿನ ಇಲ್ಲದಿದ್ದರೂ ಕ್ಲ್ಯಾಮ್ ತಡೆದುಕೊಳ್ಳುತ್ತದೆ. ಸಮುದ್ರದಲ್ಲೂ ಮೋಡ, ಬಿರುಗಾಳಿ ಇರುತ್ತವಲ್ಲ.

ಗಾಳಿ ಆಯ್ತು. ಶಾಖಕ್ಕೆ ನಮ್ಮ ಹಳೇ ಮನೆಯ ಗ್ಯಾಸ್ ಸ್ಟೌವ್ ದೇವರಾಯ್ತು. ಟ್ಯಾಂಕಿನ ಸುತ್ತ ರಜಾಯಿ, ಥರ್ಮೋಕೋಲ್, ಊರಿಂದ ತಂದ ಕಂಬಳಿ ಎಲ್ಲ ಸುತ್ತಿದೆವು. ಮೆಕ್ಯಾನಿಕಲ್‌ನವನು ಮೇಣದಬತ್ತಿ ಬೆಳಕಿನಲ್ಲಿ ಲೆಕ್ಕ ಹಾಕಿದ. ಬಂಡೆ, ಮರಳು ಕಳೆದು ನೀರು 250 ಲೀಟರ್. ಒಂದು ಡಿಗ್ರಿ ಏರಿಸಲು 250 ಕಿಲೋಕ್ಯಾಲರಿ. ಎರಡು ಲೀಟರ್ ಬಾಟಲಿಯಲ್ಲಿ 60 ಡಿಗ್ರಿ ನೀರು ತುಂಬಿ ತೇಲಿಬಿಟ್ಟರೆ, ಅದು 25ಕ್ಕೆ ಇಳಿಯುವಷ್ಟರಲ್ಲಿ 70 ಕಿಲೋಕ್ಯಾಲರಿ ಕೊಡುತ್ತದೆ. ಅಂದರೆ ನಾಲ್ಕು ಬಾಟಲಿಗೆ ಒಂದು ಡಿಗ್ರಿ. ಮನೆಯೊಳಗಿನ ಚಳಿಗೆ ಟ್ಯಾಂಕ್ ಮೂರು ಗಂಟೆಗೊಮ್ಮೆ ಒಂದು ಡಿಗ್ರಿ ಕಳೆದುಕೊಳ್ಳುತ್ತಿತ್ತು. ಲೆಕ್ಕ ಸರಿಹೋಯ್ತು: ಮೂರು ಗಂಟೆಗೊಮ್ಮೆ ನಾಲ್ಕು ಬಾಟಲಿ. ಫಸ್ಟ್ ಇಯರ್ ಕ್ಯಾಲರಿಮೆಟ್ರಿ ಇಷ್ಟು ಉಪಯೋಗಕ್ಕೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು! ಜೊತೆಗೆ ಒಂದು ಚೊಂಬಿನಲ್ಲಿ ಟ್ಯಾಂಕಿನದೇ ನೀರು ಮೊಗೆದು ಎತ್ತರದಿಂದ ಸುರಿಯುವುದು, ಬೈಟೂ ಟೀ ಆರಿಸಿದ ಹಾಗೆ. ಅದೂ ಗಾಳಿ ಬೆರೆಸುವ ವಿಧಾನವೇ. ಒಲೆ ಹಚ್ಚಿದಾಗಲೆಲ್ಲ ಕಿಟಕಿ ಒಂದಿಷ್ಟು ತೆರೆದಿಡುತ್ತಿದ್ದೆವು. ಆ ದಿನಗಳಲ್ಲಿ ಮನೆಯೊಳಗೆ ಇದ್ದಿಲು ಉರಿಸಿ, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಕಾರ್ಬನ್ ಮೊನಾಕ್ಸೈಡ್‌ಗೆ ಜೀವ ಕಳೆದುಕೊಂಡವರೂ ಇದ್ದಾರೆ.

ಸೋಮವಾರ ಸಂಜೆ ಬಾಗಿಲು ಬಡಿದದ್ದು ಎರಡು ಮನೆ ಆಚೆಯ ಅಜ್ಜಿ. ಎಪ್ಪತ್ತು ದಾಟಿದವರು, ಒಬ್ಬರೇ ಇರುವವರು. ಅವರ ಮನೆಯಲ್ಲಿ ಒಲೆಯೂ ಕರೆಂಟಿನದೇ. ಕೋವಿಡ್ ಕಾಲ ಬೇರೆ. ಮಾಸ್ಕ್ ಹಾಕಿಕೊಂಡು ಹೊಸ್ತಿಲ ಆಚೆಯೇ ನಿಂತು, ಒಂದು ಕಪ್ ಬಿಸಿನೀರು ಸಿಗುತ್ತಾ ಅಂತ ಕೇಳಿದರು. ಅವರ ಕೈ ನಡುಗುತ್ತಿದ್ದುದು ಚಳಿಗೆ. ಒಳಗೆ ಕರೆದೆವು. ಹಾಲ್‌ನ ಒಂದು ತುದಿಯಲ್ಲಿ ಅವರಿಗೆ ಹಾಸಿಗೆ, ಇನ್ನೊಂದು ತುದಿಯಲ್ಲಿ ನಾವು, ನಡುವೆ ಸಮುದ್ರ. ತಿಳಿಸಾರು ಅನ್ನ ಕೊಟ್ಟೆವು. ಖಾರ ಜಾಸ್ತಿ ಅಂದರು, ಆದರೆ ಎರಡನೇ ಸಲವೂ ಹಾಕಿಸಿಕೊಂಡರು.

ನಮ್ಮ ಹತ್ತಿರ ಬಿಸಿನೀರು ತಡೆಯುವ ಬಾಟಲಿ ಇದ್ದದ್ದು ನಾಲ್ಕೇ. ಆ ರಾತ್ರಿ ಎರಡು ಬಾಟಲಿ ಬಟ್ಟೆ ಸುತ್ತಿಕೊಂಡು ಅಜ್ಜಿಯ ರಜಾಯಿಯೊಳಗೆ ಹೋದವು. ಟ್ಯಾಂಕಿಗೆ ಉಳಿದದ್ದು ಎರಡು. ಈ ನಿರ್ಧಾರಕ್ಕೆ ಮೀಟಿಂಗ್ ಆಗಲಿಲ್ಲ, ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲ. ಹಾಸನದವನು ಬಾಟಲಿ ತೆಗೆದುಕೊಂಡು ಹೋಗಿ ಕೊಟ್ಟ, ಅಷ್ಟೇ. ಆಮೇಲೆ ಟಾರ್ಚ್ ಬೆಳಕಿನಲ್ಲಿ ಥರ್ಮಾಮೀಟರ್ ನೋಡುತ್ತಾ ಕೂತೆವು. 24.4. 23.6. 22.7. ನೀಲಿ ಮ್ಯಾಂಟಲ್ ಒಳಗೆಳೆದುಕೊಂಡು, ಚಿಪ್ಪು ಅರ್ಧ ಮುಚ್ಚಿ, ತನ್ನ ಕಲ್ಲನ್ನು ಹಿಡಿದು ಕೂತಿತ್ತು. ಮಂಗಳವಾರ ಬೆಳಿಗ್ಗೆ ಕಂಡ ಅತಿ ಕಡಿಮೆ ಅಂಕಿ 21.8.

ನಡುವೆ ಎರಡು ಸಲ ಅರ್ಧರ್ಧ ಗಂಟೆ ಬಂದು ಹೋದ ಕರೆಂಟ್, ಗಟ್ಟಿಯಾಗಿ ನಿಂತದ್ದು ಮಂಗಳವಾರ ಸಂಜೆ ಆರಕ್ಕೆ. ಸುಮಾರು ನಲವತ್ತು ಗಂಟೆ ಆಗಿತ್ತು. ಖುಷಿಗೆ ಎಲ್ಲ ಸ್ವಿಚ್ ಒಟ್ಟಿಗೆ ಹಾಕುವ ಆಸೆಯಾಗುತ್ತದೆ. ಹಾಗೆ ಮಾಡಲಿಲ್ಲ. ಹೀಟರ್ ಥರ್ಮೋಸ್ಟಾಟನ್ನು ಮೂರು-ನಾಲ್ಕು ಗಂಟೆಗೆ ಒಂದೇ ಡಿಗ್ರಿಯಂತೆ ಏರಿಸಿದೆವು. ಲೈಟನ್ನು ಅರ್ಧಕ್ಕಿಂತ ಕಡಿಮೆ ಇಟ್ಟು ಒಂದು ವಾರದಲ್ಲಿ ಮೇಲಕ್ಕೆ ತಂದೆವು. ಬಿದ್ದ ಗ್ರಿಡ್ಡನ್ನಾಗಲಿ, ಸೋತ ಜೀವವನ್ನಾಗಲಿ ಒಮ್ಮೆಲೇ ಎಬ್ಬಿಸಬಾರದು. ಬುಧವಾರ ಮಧ್ಯಾಹ್ನ ನೀಲಿಯ ಅಂಚು ಒಂದು ಬೆರಳಿನಷ್ಟು ಹೊರಗೆ ಬಂತು. ಗದಗದವನು ಕೈ ಅಡ್ಡ ಹಿಡಿದ. ನೆರಳು ಬಿತ್ತು. ಸರಕ್ಕನೆ ಒಳಗೆ ಹೋಯಿತು. ಅಜ್ಜಿ ಸೇರಿ ನಾಲ್ವರೂ ಚಪ್ಪಾಳೆ ಹೊಡೆದೆವು.

ಎಲ್ಲವೂ ಉಳಿಯಲಿಲ್ಲ. ಕವಲು ಕವಲಾಗಿ ಬೆಳೆದಿದ್ದ ಒಂದು ಹವಳ ಎರಡು ವಾರದಲ್ಲಿ ಬೆಳ್ಳಗಾಗಿ ಸತ್ತಿತು. ಎರಡು ಬಾಟಲಿ ಹೆಚ್ಚಿಗೆ ಇದ್ದಿದ್ದರೆ ಅದೂ ಉಳಿಯುತ್ತಿತ್ತೇನೋ. ಆ ಬಾಟಲಿಗಳು ಎಲ್ಲಿ ಇದ್ದವು ಅಂತ ಗೊತ್ತಿದ್ದುದರಿಂದ ನಮಗೆ ಅದರ ಬಗ್ಗೆ ಬೇಸರವಿದೆ, ಪಶ್ಚಾತ್ತಾಪವಿಲ್ಲ.

ಗ್ರಿಡ್‌ನವರು ಆ ರಾತ್ರಿ ಮಾಡಿದ್ದೂ, ನಾವು ಮಾಡಿದ್ದೂ ಗಾತ್ರದಲ್ಲಿ ಆನೆ-ಇರುವೆ. ಆದರೆ ಕೆಲಸ ಒಂದೇ. ಎಲ್ಲವನ್ನೂ ಹಿಡಿದಿಡಲು ಆಗದಿದ್ದಾಗ ಏನನ್ನು ಬಿಡಬೇಕು ಅಂತ ತೀರ್ಮಾನಿಸುವುದು. ನಮ್ಮ ಪುಸ್ತಕದಲ್ಲಿ ಸ್ಥಿರತೆ ಅಂದರೆ ಏರುಪೇರು ತಾನಾಗಿ ಶಾಂತವಾಗುವುದು. ಮನೆಯಲ್ಲಿ ಅದು ತಾನಾಗಿ ಆಗುವುದಿಲ್ಲ. ಯಾರೋ ಒಬ್ಬರು ಎದ್ದು ನೀರು ಕಾಯಿಸಬೇಕು. ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಅನ್ನೋ ಚೀಟಿಯನ್ನು ಕರೆಂಟ್ ಇರುವಾಗಲೇ ಬರೆದಿಡಬೇಕು. ಮತ್ತೆ ಆ ಚೀಟಿಯಲ್ಲಿ ಇಲ್ಲದವರು ಬಾಗಿಲು ಬಡಿದರೆ ಅದನ್ನು ತಿದ್ದಲೂ ಬರಬೇಕು.

ಓದಿ ಹುಮ್ಮಸ್ಸು ಬಂದವರಿಗೆ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಟ್ರೈಡಾಕ್ನಾ ಮ್ಯಾಕ್ಸಿಮಾ, ಟ್ರೈಡಾಕ್ನಾ ಸ್ಕ್ವಾಮೋಸಾ ಎರಡೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಬಂಡೆ ಕಟ್ಟುವ ಹವಳಗಳೂ ಅದೇ ಪಟ್ಟಿಯಲ್ಲಿವೆ. ಲಕ್ಷದ್ವೀಪದಿಂದ ತಂದುಕೊಡ್ತೀನಿ ಅಂತ ಯಾರಾದರೂ ಹೇಳಿದರೆ ಆ ಕಡೆ ತಲೆ ಹಾಕಬೇಡಿ. ಹತ್ತು ಮೀಟರ್ ನೀರಿನ ಕೆಳಗೆ ತನ್ನ ಪಾಡಿಗೆ ಬಂಡೆ ಹಿಡಿದು ಕೂತದ್ದನ್ನು ಎಳೆದು ತೆಗೆದರೆ ಗ್ರಂಥಿ ಹರಿದಿರುತ್ತದೆ ಅನ್ನೋದು ಈಗ ನಿಮಗೆ ಗೊತ್ತು. ಕಲಿಯುವ ಆಸೆ ಇದ್ದರೆ ಒಂದು ಸಿಹಿನೀರಿನ ಗಿಡಗಳ ಟ್ಯಾಂಕ್ ಇಡಿ. ಉಷ್ಣತೆ, ಕಾರ್ಬನ್ ಡೈಆಕ್ಸೈಡ್, ಬೆಳಕು ಮೂರನ್ನೂ ಒಂದು ಸೆಮಿಸ್ಟರ್ ಅಲುಗಾಡದಂತೆ ಹಿಡಿದಿಡಿ. ಲ್ಯಾಬ್ ಮಾರ್ಕ್ಸ್ ಕೊಡದೇ ಇರಬಹುದು, ಆದರೆ ಪಿಐಡಿ ಕಂಟ್ರೋಲರ್ ಯಾಕೆ ಬೇಕು ಅಂತ ವೈವಾದಲ್ಲಿ ಯಾರೂ ನಿಮ್ಮ ಬಾಯಿ ಮುಚ್ಚಿಸಲಾಗದು.

ನಾವು ಮೂವರೂ ಆ ಮನೆ ಖಾಲಿ ಮಾಡಿದ್ದು 2021ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನೀಲಿಯ ಚಿಪ್ಪಿನ ಅಂಚಿಗೆ ಹೊಸದಾಗಿ ಬಿಳಿ ಸುಣ್ಣದ ಗೆರೆ ಮೂಡಿತ್ತು, ಬೆಳೆಯುತ್ತಿದೆ ಅನ್ನುವುದಕ್ಕೆ ಗುರುತು. ಅದೇ ಊರಿನಲ್ಲಿ ಹತ್ತು ವರ್ಷದಿಂದ ರೀಫ್ ಟ್ಯಾಂಕ್ ಇಟ್ಟಿದ್ದ ಒಬ್ಬರಿಗೆ ಅದನ್ನು ಒಪ್ಪಿಸಿದೆವು. ಅವರು ಬಂದವರೇ, “ಇದನ್ನು ಕಲ್ಲಿಂದ ಬಿಡಿಸಬೇಕಾ?” ಅಂತ ಕೇಳಿದರು. ಬೇಡ, ಕಲ್ಲಿನ ಸಮೇತ ತಗೊಂಡು ಹೋಗಿ ಅಂದೆವು. ಜೊತೆಗೆ ಕಪಾಟಿನ ಬಾಗಿಲಿನ ಚೀಟಿಯನ್ನೂ ಬಿಡಿಸಿ ಕೊಟ್ಟೆವು.